ಶಾಲೆಗೊಂದು ಕರ: ಅವಧಿಯೂ ಇರಲಿ, ಲೆಕ್ಕವೂ ಇರಲಿ

ಏಪ್ರಿಲ್ ತಿಂಗಳು ಬಂತೆಂದರೆ ನಮ್ಮ ಸದಸ್ಯರಲ್ಲಿ ಅನೇಕರು ಆಸ್ತಿ ತೆರಿಗೆಯ ಚಲನ್ ಸಿದ್ಧಪಡಿಸುವ ಗಡಿಬಿಡಿಯಲ್ಲಿರುತ್ತಾರೆ. ಶೇಕಡಾ 5ರ ರಿಯಾಯಿತಿ ಕೈತಪ್ಪಬಾರದೆಂಬ ಕಾಳಜಿ ಸಹಜವಾದುದೇ. ಆದರೆ ಆ ಚಲನ್ನಿನಲ್ಲಿ ತೆರಿಗೆಯ ಮೊತ್ತದ ಕೆಳಗೆ ಮುದ್ರಿತವಾಗಿರುವ ಸಾಲುಗಳನ್ನು ನಿಂತು ಓದುವವರು ವಿರಳ. ತೆರಿಗೆಯ ಮೇಲೆ ಶೇಕಡಾ 15ರಷ್ಟು ಆರೋಗ್ಯ ಉಪಕರ, ಶೇಕಡಾ 6ರಷ್ಟು ಗ್ರಂಥಾಲಯ ಉಪಕರ, ಶೇಕಡಾ 3ರಷ್ಟು ಭಿಕ್ಷುಕರ ಉಪಕರ ಎಂದು ಅಲ್ಲಿ ನಮೂದಾಗಿರುತ್ತದೆ. ಅಂಗಡಿಯೊಂದರ ವಾರ್ಷಿಕ ತೆರಿಗೆ 20,000 ರೂಪಾಯಿ ಎಂದಿಟ್ಟುಕೊಂಡರೆ ಈ ಮೂರು ಉಪಕರಗಳೇ 4,800 ರೂಪಾಯಿಗಳಾಗುತ್ತವೆ. ಈ ಪಟ್ಟಿಯಲ್ಲಿ ‘ಶಾಲೆ’ ಎಂಬ ಪದ ಎಲ್ಲಿಯೂ ಕಾಣುವುದಿಲ್ಲ.

ಕಾಣದಿರುವುದೇ ಒಳ್ಳೆಯದಾಯಿತು, ಇನ್ನೊಂದು ಉಪಕರದ ಹೊರೆ ತಪ್ಪಿತು ಎಂದು ಹೇಳುವವರು ನಮ್ಮಲ್ಲಿ ಬಹುಮಂದಿ ಇದ್ದಾರೆಂಬುದು ನನಗೆ ತಿಳಿದಿದೆ. ತೆರಿಗೆಯ ವಿಷಯದಲ್ಲಿ ವಾಣಿಜ್ಯೋದ್ಯಮ ಸಂಸ್ಥೆಗಳು ಸಾಮಾನ್ಯವಾಗಿ ಸಲ್ಲಿಸುವ ಮನವಿ ಒಂದೇ: ಇಳಿಸಿರಿ ಅಥವಾ ರದ್ದುಪಡಿಸಿರಿ. ಈ ಲೇಖನದಲ್ಲಿ ನಾನು ಅದಕ್ಕೆ ಭಿನ್ನವಾದ ಮಾತನ್ನು ಸದಸ್ಯ ಬಂಧುಗಳ ಮುಂದಿಡಬಯಸುತ್ತೇನೆ. ನಮ್ಮ ಊರಿನ ಸರ್ಕಾರಿ ಶಾಲೆಗಳಿಗಾಗಿ ಆಸ್ತಿ ತೆರಿಗೆಯೊಡನೆ ಅಲ್ಪ ಪ್ರಮಾಣದ ಕರವೊಂದನ್ನು ಕೊಡಲು ನಾವು ಮುಂದಾಗಬೇಕು. ಆದರೆ ಅದು ನಿಗದಿತ ಅವಧಿಯ ನಂತರ ತಾನಾಗಿಯೇ ಮುಕ್ತಾಯಗೊಳ್ಳಬೇಕು, ಲೆಕ್ಕ ಒಪ್ಪಿಸಿ ಮತ್ತೆ ಸಮ್ಮತಿ ಪಡೆದ ಹೊರತು ಮುಂದುವರಿಯಬಾರದು.

ದೂರದ ಊರಿನ ಒಂದು ಪದ್ಧತಿ

ಈ ಯೋಚನೆ ಹೊಸದೇನಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಇದು ದಶಕಗಳಿಂದ ಆಚರಣೆಯಲ್ಲಿದೆ. ಅಲ್ಲಿನ ಸಿಲಿಕಾನ್ ಕಣಿವೆಯ ಊರುಗಳಲ್ಲಿ ಸಾವಿರಾರು ಕನ್ನಡಿಗರು ನೆಲೆಸಿದ್ದಾರೆ. ನಮ್ಮ ಸದಸ್ಯರಲ್ಲಿಯೇ ಹಲವರ ಮಕ್ಕಳು ಅಲ್ಲಿ ಮನೆ ಖರೀದಿಸಿ ಈ ಕರವನ್ನು ತೆರುತ್ತಿರಬಹುದು.

1978ರ ಜೂನ್ ತಿಂಗಳಲ್ಲಿ ಆ ರಾಜ್ಯದ ಮತದಾರರು ‘ಪ್ರೊಪೊಸಿಷನ್ 13’ ಎಂಬ ಸಂವಿಧಾನ ತಿದ್ದುಪಡಿಯನ್ನು ಅಂಗೀಕರಿಸಿದರು. ಅದರಂತೆ ಆಸ್ತಿ ತೆರಿಗೆಯು ನಿಗದಿತ ಮೌಲ್ಯದ ಶೇಕಡಾ 1ನ್ನು ಮೀರುವಂತಿಲ್ಲ; ಆಸ್ತಿ ಮಾರಾಟವಾಗುವವರೆಗೂ ಆ ಮೌಲ್ಯವನ್ನು ವರ್ಷಕ್ಕೆ ಶೇಕಡಾ 2ಕ್ಕಿಂತ ಹೆಚ್ಚು ಏರಿಸುವಂತಿಲ್ಲ. ತೆರಿಗೆದಾರನಿಗೆ ನೆಮ್ಮದಿಯಾಯಿತು. ಆದರೆ ಸ್ಥಳೀಯ ಸಂಸ್ಥೆಗಳ ಆಸ್ತಿ ತೆರಿಗೆಯ ಉತ್ಪನ್ನ ಅರ್ಧಕ್ಕಿಂತಲೂ ಹೆಚ್ಚು ಕುಸಿಯಿತು. ಅದುವರೆಗೆ ಬಹುಮಟ್ಟಿಗೆ ಈ ತೆರಿಗೆಯನ್ನೇ ಆಶ್ರಯಿಸಿದ್ದ ಶಾಲೆಗಳು ರಾಜ್ಯ ಸರ್ಕಾರದ ಅನುದಾನಕ್ಕೆ ಕೈಚಾಚಬೇಕಾಯಿತು.

ಅದೇ ತಿದ್ದುಪಡಿಯಲ್ಲಿ ಒಂದು ಬಾಗಿಲನ್ನು ಮಾತ್ರ ತೆರೆದಿಡಲಾಗಿತ್ತು. ಸ್ಥಳೀಯ ಮತದಾರರಲ್ಲಿ ಮತ ಚಲಾಯಿಸಿದವರ ಪೈಕಿ ಮೂರನೇ ಎರಡರಷ್ಟು ಜನ ಒಪ್ಪಿದರೆ ನಿರ್ದಿಷ್ಟ ಉದ್ದೇಶಕ್ಕಾಗಿ ವಿಶೇಷ ತೆರಿಗೆಯನ್ನು ವಿಧಿಸಬಹುದು. ಶಾಲಾ ಜಿಲ್ಲೆಗಳು ಇದನ್ನು ಬಳಸಿಕೊಂಡು, ಆಸ್ತಿಯ ಮೌಲ್ಯ ಎಷ್ಟೇ ಇರಲಿ, ಪ್ರತಿ ನಿವೇಶನಕ್ಕೆ ಇಂತಿಷ್ಟು ಡಾಲರ್ ಎಂಬ ಕರವನ್ನು ಸಾಮಾನ್ಯವಾಗಿ ನಿಗದಿತ ಅವಧಿಗೆ ವಿಧಿಸತೊಡಗಿದವು.

ಪಾಲೊ ಆಲ್ಟೊ ನಗರದ ಉದಾಹರಣೆಯನ್ನು ನೋಡಿರಿ. ಹ್ಯೂಲೆಟ್ ಮತ್ತು ಪ್ಯಾಕರ್ಡ್ ಎಂಬ ಇಬ್ಬರು ತರುಣರು ಮನೆಯ ಮೋಟಾರು ಕೊಠಡಿಯಲ್ಲಿ ಉದ್ಯಮ ಆರಂಭಿಸಿದ ಊರದು. ಅಲ್ಲಿನ ಶಾಲಾ ಜಿಲ್ಲೆಯು 2010ರಲ್ಲಿ ಪ್ರತಿ ನಿವೇಶನಕ್ಕೆ 589 ಡಾಲರ್ ಕರಕ್ಕೆ ಮತದಾರರ ಒಪ್ಪಿಗೆ ಪಡೆಯಿತು. 2015ರಲ್ಲಿ ಅದನ್ನು 758 ಡಾಲರ್‌ಗೆ ಹೆಚ್ಚಿಸಿ ನವೀಕರಿಸಲಾಯಿತು. 2020ರ ನವೆಂಬರ್‌ನಲ್ಲಿ, ಆ ವೇಳೆಗೆ ತಲುಪಿದ್ದ 836 ಡಾಲರ್ ದರದಲ್ಲಿಯೇ, ಮತ್ತೆ ಆರು ವರ್ಷಗಳ ಅವಧಿಗೆ ನವೀಕರಣವಾಯಿತು. ಹಿರಿಯ ನಾಗರಿಕರು ಅರ್ಜಿ ಸಲ್ಲಿಸಿ ವಿನಾಯಿತಿ ಪಡೆಯಬಹುದು. ಪ್ರತಿ ಬಾರಿಯೂ ಮೂರನೇ ಎರಡರಷ್ಟು ಬಹುಮತದ ಕಠಿಣ ಷರತ್ತನ್ನು ದಾಟಿಯೇ ಈ ಕರ ಉಳಿದುಕೊಂಡಿದೆ.

ಅದೇ 2020ರ ನವೆಂಬರ್ ಮತದಾನದಲ್ಲಿ ಇನ್ನೊಂದು ಪ್ರಸ್ತಾವವೂ ರಾಜ್ಯದ ಸಮಸ್ತ ಮತದಾರರ ಮುಂದಿತ್ತು. ದೊಡ್ಡ ವಾಣಿಜ್ಯ ಆಸ್ತಿಗಳನ್ನು ಮಾರುಕಟ್ಟೆ ಮೌಲ್ಯದ ಮೇಲೆ ಶಾಶ್ವತವಾಗಿ ತೆರಿಗೆಗೆ ಒಳಪಡಿಸಿ, ಬಂದ ಹಣವನ್ನು ಶಾಲೆಗಳಿಗೂ ಸ್ಥಳೀಯ ಸಂಸ್ಥೆಗಳಿಗೂ ಕೊಡುವ ‘ಪ್ರೊಪೊಸಿಷನ್ 15’ ಅದು. ವಾಣಿಜ್ಯ ಸಂಘಟನೆಗಳು ಅದನ್ನು ಬಲವಾಗಿ ವಿರೋಧಿಸಿದವು. ಅದು ಅಲ್ಪ ಅಂತರದಿಂದ ಸೋತಿತು. ಎರಡೂ ಕಡೆಯ ಮತದಾರರು ಒಂದೇ ಅಲ್ಲವಾದ್ದರಿಂದ ಇದರಿಂದ ದೊಡ್ಡ ಸಿದ್ಧಾಂತವನ್ನು ಕಟ್ಟಲಾಗದು. ಆದರೂ ವ್ಯಾಪಾರಿಯಾದವನಿಗೆ ಒಂದು ಅಂಶ ಹೊಳೆಯದಿರದು. ಗೊತ್ತಾದ ಮೊತ್ತ, ಗೊತ್ತಾದ ಅವಧಿ, ಕಣ್ಣೆದುರಿನ ಶಾಲೆ ಎಂದಾಗ ಜನ ಕೊಡಲು ಸಿದ್ಧರಿರುತ್ತಾರೆ. ಕೊನೆಯೇ ಇಲ್ಲದ ಹೊಣೆ ಎಂದಾಗ ಹಿಂಜರಿಯುತ್ತಾರೆ.

ಅಲ್ಲಿನ ಇನ್ನೊಂದು ನಿಯಮವು ನಮ್ಮಂತಹ ಸಂಸ್ಥೆಗಳ ಗಮನಕ್ಕೆ ಅವಶ್ಯವಾಗಿ ಬರಬೇಕು. 2000ರಲ್ಲಿ ಜಾರಿಗೆ ಬಂದ ‘ಪ್ರೊಪೊಸಿಷನ್ 39’ರ ಅನ್ವಯ ಶಾಲಾ ಕಟ್ಟಡಗಳಿಗಾಗಿ ಸಾಲಪತ್ರ ಎತ್ತಿದರೆ ಅದನ್ನು ಆಸ್ತಿ ತೆರಿಗೆಯಿಂದ ತೀರಿಸಲಾಗುತ್ತದೆ. ಅದಕ್ಕೆ ಶೇಕಡಾ 55ರಷ್ಟು ಮತಗಳು ಸಾಕು. ಆದರೆ ಕನಿಷ್ಠ ಏಳು ಮಂದಿಯ ನಾಗರಿಕ ಮೇಲ್ವಿಚಾರಣಾ ಸಮಿತಿಯೊಂದು ಇರಲೇಬೇಕು. ಅದರಲ್ಲಿ ಸ್ಥಳೀಯ ವ್ಯಾಪಾರ ಸಂಘಟನೆಯ ಒಬ್ಬ ಸದಸ್ಯ, ತೆರಿಗೆದಾರರ ಸಂಘದ ಒಬ್ಬರು, ಹಿರಿಯ ನಾಗರಿಕರ ಸಂಘದ ಒಬ್ಬರು ಹಾಗೂ ಪೋಷಕರು ಇರಬೇಕೆಂದು ಕಾನೂನೇ ವಿಧಿಸಿದೆ. ಶಾಲಾ ಜಿಲ್ಲೆಯ ನೌಕರರಿಗೂ ಗುತ್ತಿಗೆದಾರರಿಗೂ ಸರಬರಾಜುದಾರರಿಗೂ ಅಲ್ಲಿ ಸ್ಥಾನವಿಲ್ಲ. ಅಂದರೆ ವ್ಯಾಪಾರಿ ಕೇವಲ ತೆರಿಗೆ ತೆರುವವನಲ್ಲ. ಲೆಕ್ಕ ಕೇಳುವವನೂ ಹೌದು.

ಆ ಪದ್ಧತಿಯಲ್ಲಿ ದೋಷಗಳಿಲ್ಲವೆಂದಲ್ಲ. ಸ್ಥಿತಿವಂತರ ಊರು ಸುಲಭವಾಗಿ ಮತ ನೀಡಿ ತನ್ನ ಶಾಲೆಯನ್ನು ಬೆಳೆಸಿಕೊಳ್ಳುತ್ತದೆ. ಬಡವರ ಊರು ಹಾಗೆ ಮಾಡಲಾರದು. ನಿವೇಶನಕ್ಕೆ ಇಂತಿಷ್ಟು ಎಂದಾಗ ಸಣ್ಣ ಅಂಗಡಿಗೂ ದೊಡ್ಡ ಕಾರ್ಖಾನೆಗೂ ಒಂದೇ ಕರ ಬೀಳುತ್ತದೆ. ಕಂಪನಿಯ ಹೆಸರಿನಲ್ಲಿರುವ ಆಸ್ತಿಗೆ ತೆರಿಗೆಯುಂಟು, ಮತವಿಲ್ಲ. ಈ ಮೂರು ದೋಷಗಳನ್ನು ನೆನಪಿನಲ್ಲಿಟ್ಟುಕೊಂಡೇ ನಾವು ನಮ್ಮ ಊರಿನ ವಿಚಾರಕ್ಕೆ ಬರಬೇಕು.

ನಮ್ಮ ಉಪಕರಗಳ ಅನುಭವ

ಶಿಕ್ಷಣಕ್ಕಾಗಿ ನಾವು ಏನನ್ನೂ ಕೊಡುತ್ತಿಲ್ಲವೇ? ಕೊಡುತ್ತಿದ್ದೇವೆ. 2004ರಲ್ಲಿ ಕೇಂದ್ರ ಸರ್ಕಾರವು ಶೇಕಡಾ 2ರ ಶಿಕ್ಷಣ ಉಪಕರವನ್ನು ಜಾರಿಗೆ ತಂದಿತು. 2007ರಲ್ಲಿ ಪ್ರೌಢ ಮತ್ತು ಉನ್ನತ ಶಿಕ್ಷಣಕ್ಕೆಂದು ಶೇಕಡಾ 1 ಸೇರಿತು. 2018ರಲ್ಲಿ ಆದಾಯ ತೆರಿಗೆಯ ಮೇಲಿನ ಇವೆರಡೂ ಹೋಗಿ ಶೇಕಡಾ 4ರ ‘ಆರೋಗ್ಯ ಮತ್ತು ಶಿಕ್ಷಣ ಉಪಕರ’ ಬಂದಿತು. ಹೆಸರು ಬದಲಾಯಿತು, ದರ ಏರಿತು. ಮುಂದುವರಿಸಲೇ ಎಂದು ಯಾರೂ ನಮ್ಮನ್ನು ಕೇಳಲಿಲ್ಲ.

ಹಣ ಎಲ್ಲಿಗೆ ಹೋಯಿತು? ಪ್ರಾಥಮಿಕ ಶಿಕ್ಷಣದ ಉಪಕರಕ್ಕಾಗಿ ‘ಪ್ರಾರಂಭಿಕ ಶಿಕ್ಷಾ ಕೋಶ’ವೆಂಬ ಪ್ರತ್ಯೇಕ ನಿಧಿಯನ್ನು ಸ್ಥಾಪಿಸಲಾಯಿತು. ಆದರೆ 2007ರಿಂದ ವಸೂಲಾದ ಪ್ರೌಢ ಶಿಕ್ಷಣದ ಉಪಕರಕ್ಕೆ ಅಂತಹ ನಿಧಿಗೆ ಸಂಪುಟದ ಅನುಮೋದನೆ ದೊರೆತದ್ದು 2017ರಲ್ಲಿ. ಅದುವರೆಗೆ ವಸೂಲಾದ 80,000 ಕೋಟಿ ರೂಪಾಯಿಗಳಿಗೂ ಮೀರಿದ ಮೊತ್ತ ಮೀಸಲು ನಿಧಿಯನ್ನು ಸೇರದೆ ಸರ್ಕಾರದ ಸಂಚಿತ ನಿಧಿಯಲ್ಲಿಯೇ ಉಳಿದುದನ್ನು ಭಾರತದ ನಿಯಂತ್ರಕರು ಮತ್ತು ಮಹಾಲೆಕ್ಕ ಪರಿಶೋಧಕರು ತಮ್ಮ ವರದಿಯಲ್ಲಿ ಎತ್ತಿ ತೋರಿಸಿದ್ದಾರೆ. ಇದಲ್ಲದೆ ಉಪಕರದ ಹಣವು ರಾಜ್ಯಗಳೊಡನೆ ಹಂಚಿಕೊಳ್ಳಬೇಕಾದ ತೆರಿಗೆ ಮೊತ್ತದಲ್ಲಿ ಸೇರುವುದಿಲ್ಲ. ನಮ್ಮ ಊರಿನಲ್ಲಿ ಹುಟ್ಟಿದ ಹಣ ನಮ್ಮ ಊರಿನ ಶಾಲೆಗೆ ಎಷ್ಟು ಬಂದಿತೆಂದು ತಿಳಿಯುವ ಮಾರ್ಗವೇ ಇಲ್ಲ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆ ಇಂತಹ ಪ್ರಸಂಗಕ್ಕೇ ಹುಟ್ಟಿರಬೇಕು.

ನಮ್ಮ ಪೇಟೆಗಳ ಹಳೆಯ ಧರ್ಮಾದಾಯವನ್ನು ಇಲ್ಲಿ ಸ್ಮರಿಸುವುದು ಉಚಿತ. ಗಿರಾಕಿಯಿಂದ ಸರಕಿನ ಬೆಲೆಯ ಜೊತೆಗೆ ಧರ್ಮಕಾರ್ಯಕ್ಕೆಂದು ಅಲ್ಪ ಮೊತ್ತವನ್ನು ಪಡೆದು, ಕಿರ್ದಿಯಲ್ಲಿ ಬೇರೆ ಖಾತೆ ತೆರೆದು, ಅನ್ನಛತ್ರಕ್ಕೋ ಗೋಶಾಲೆಗೋ ಪಾಠಶಾಲೆಗೋ ವಿನಿಯೋಗಿಸುವ ಪದ್ಧತಿ ಅದು. ಆ ಹಣ ವ್ಯಾಪಾರಿಯ ಆದಾಯವೇ ಎಂಬ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿತ್ತು. 1979ರಲ್ಲಿ ಬಿಜಲಿ ಕಾಟನ್ ಮಿಲ್ಸ್ ಪ್ರಕರಣದಲ್ಲಿ ನ್ಯಾಯಾಲಯವು, ಧರ್ಮಕಾರ್ಯಕ್ಕೆಂದು ಮೀಸಲಾಗಿ ಸ್ವೀಕರಿಸಿದ ಹಣ ಆರಂಭದಿಂದಲೇ ಆ ಹೊಣೆಗೆ ಒಳಪಟ್ಟದ್ದು, ಅದು ವ್ಯಾಪಾರದ ಆದಾಯವಲ್ಲ ಎಂದು ತೀರ್ಪು ನೀಡಿತು. ವ್ಯಾಪಾರಿಗೆ ಅನ್ವಯಿಸಿದ ಈ ನ್ಯಾಯ ಸರ್ಕಾರಕ್ಕೂ ನೈತಿಕವಾಗಿ ಅನ್ವಯಿಸಬೇಡವೇ? ಶಾಲೆಯ ಹೆಸರಿನಲ್ಲಿ ಪಡೆದ ಹಣ ಶಾಲೆಯದು. ಅದನ್ನು ಸಾಮಾನ್ಯ ಜಮೆಗೆ ಬೆರೆಸುವುದು ಧರ್ಮಾದಾಯದ ಹಣವನ್ನು ಗಲ್ಲಾಪೆಟ್ಟಿಗೆಗೆ ಸುರಿದುಕೊಂಡಂತೆ.

ನೆರೆಯಲ್ಲಿಯೂ ಇದೆ, ಹಿಂದೆಯೂ ಇತ್ತು

ಆಸ್ತಿ ತೆರಿಗೆಗೂ ಶಾಲೆಗೂ ನಂಟು ಬೆಸೆಯುವುದು ನಮ್ಮ ನೆಲಕ್ಕೆ ಅಪರಿಚಿತವಲ್ಲ. ತಮಿಳುನಾಡಿನಲ್ಲಿ 1920ರ ಪ್ರಾಥಮಿಕ ಶಿಕ್ಷಣ ಕಾಯಿದೆಯ ಕಾಲದಿಂದ ಚೆನ್ನೈ ಮೊದಲಾದ ನಗರಗಳ ಆಸ್ತಿ ತೆರಿಗೆಯಲ್ಲಿ ಶಿಕ್ಷಣ ತೆರಿಗೆಯ ಅಂಶ ಸೇರಿದೆ. ಮಹಾರಾಷ್ಟ್ರದಲ್ಲಿ 1962ರ ಕಾಯಿದೆಯನ್ವಯ ನಗರಗಳ ಕಟ್ಟಡಗಳ ಮೇಲೆ ಶಿಕ್ಷಣ ಉಪಕರ ವಸೂಲಾಗುತ್ತದೆ. ಆದರೆ ಅದು ರಾಜ್ಯದ ಖಜಾನೆಗೆ ಸಂದಾಯವಾಗುತ್ತದೆ.

ಇನ್ನೂ ಹಿಂದಕ್ಕೆ ಹೋದರೆ, ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ ಸೀಮೆಯ ರೈತರು 1860ರ ದಶಕದಲ್ಲಿಯೇ ಭೂಕಂದಾಯದ ಪ್ರತಿ ರೂಪಾಯಿಗೆ ಒಂದು ಆಣೆಯಂತೆ ಸ್ಥಳೀಯ ಉಪಕರ ತೆರುತ್ತಿದ್ದರು. ಅದರ ಮೂರನೇ ಒಂದು ಭಾಗ ಶಾಲೆಗಳಿಗೆ ಮೀಸಲಾಗಿತ್ತು. ಹಳ್ಳಿಯ ರೈತನಿಂದ ಬಂದ ಹಣ ಪಟ್ಟಣದ ಶಾಲೆಗೆ ಹರಿಯಬಾರದು, ಎರಡಕ್ಕೂ ಪ್ರತ್ಯೇಕ ನಿಧಿಗಳಿರಬೇಕು ಎಂಬುದು 1882ರ ಹಂಟರ್ ಆಯೋಗದ ಶಿಫಾರಸುಗಳಲ್ಲೊಂದು. ಯಾರ ಹಣ, ಯಾವ ಶಾಲೆಗೆ ಎಂಬ ಪ್ರಶ್ನೆಗೆ ಒಂದೂವರೆ ಶತಮಾನ ತುಂಬುತ್ತಿದೆ.

ನಾವು ಕೇಳಬೇಕಾದುದೇನು?

ಸಂವಿಧಾನದ 74ನೆಯ ತಿದ್ದುಪಡಿಯೊಂದಿಗೆ ಬಂದ ಹನ್ನೆರಡನೆಯ ಅನುಸೂಚಿಯಲ್ಲಿ ಶೈಕ್ಷಣಿಕ ಅಂಶಗಳ ಪ್ರೋತ್ಸಾಹವೂ ನಗರಾಡಳಿತದ ವಿಷಯಗಳಲ್ಲೊಂದು. ಆದರೆ ಶಾಸಕಾಂಗವು ಕಾನೂನಿನ ಮೂಲಕ ಅಧಿಕಾರ ನೀಡದೆ ನಗರಸಭೆಯು ತಾನಾಗಿಯೇ ಯಾವ ಕರವನ್ನೂ ವಿಧಿಸಲಾಗದು. ಆದ್ದರಿಂದ ನಮ್ಮ ಮನವಿ ರಾಜ್ಯ ಸರ್ಕಾರಕ್ಕೇ ಹೋಗಬೇಕು. ಆ ಮನವಿಯಲ್ಲಿ ಐದು ಅಂಶಗಳಿರಲೆಂದು ನನ್ನ ಸಲಹೆ.

ಮೊದಲನೆಯದಾಗಿ, ಕರದ ಪ್ರಮಾಣ ಆಸ್ತಿ ತೆರಿಗೆಯ ಶೇಕಡಾ 5ನ್ನು ಮೀರಬಾರದು. ತೆರಿಗೆಯ ಮೇಲಿನ ಶೇಕಡಾವಾರು ಆದುದರಿಂದ ಸಣ್ಣ ಅಂಗಡಿಗೆ ಸಣ್ಣ ಹೊರೆ, ದೊಡ್ಡ ಕಾರ್ಖಾನೆಗೆ ದೊಡ್ಡ ಹೊರೆ. ಅವಧಿ ಐದು ವರ್ಷ. ಅವಧಿ ಮುಗಿದ ದಿನ ಕರವೂ ಮುಗಿಯಬೇಕು.

ಎರಡನೆಯದಾಗಿ, ಹಣವು ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿರಬೇಕು. ಶಿಕ್ಷಕರ ವೇತನ ರಾಜ್ಯದ ಹೊಣೆ. ಅದಕ್ಕಾಗಿ ಇದನ್ನು ಬಳಸಕೂಡದು. ಸೋರುವ ಮಾಡು, ಶೌಚಾಲಯ, ಕುಡಿಯುವ ನೀರು, ವಿದ್ಯುತ್ತು, ಪ್ರಯೋಗಾಲಯ ಇವುಗಳಿಗೆ ಮಾತ್ರ ವಿನಿಯೋಗವಾಗಬೇಕು. ಈ ಹಣ ಬಂದಿತೆಂದು ರಾಜ್ಯವು ತನ್ನ ಅನುದಾನವನ್ನು ಕಡಿತಗೊಳಿಸಕೂಡದೆಂಬ ಷರತ್ತು ಕಾನೂನಿನಲ್ಲಿಯೇ ಇರಬೇಕು.

ಮೂರನೆಯದಾಗಿ, ಏಳು ಮಂದಿಯ ಮೇಲ್ವಿಚಾರಣಾ ಸಮಿತಿ ಇರಬೇಕು. 2001ರಿಂದ ನಮ್ಮ ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ; ಅವುಗಳ ಪೋಷಕ ಪ್ರತಿನಿಧಿಗಳು, ವ್ಯಾಪಾರಿ ಸಂಸ್ಥೆಯ ಒಬ್ಬರು, ಸ್ತ್ರೀಶಕ್ತಿ ಸಂಘದ ಒಬ್ಬರು, ಹಿರಿಯ ನಾಗರಿಕರೊಬ್ಬರು ಇದರಲ್ಲಿರಲಿ. ಗುತ್ತಿಗೆದಾರರಿಗೂ ಸರಬರಾಜುದಾರರಿಗೂ, ಅವರು ನಮ್ಮ ಸಂಸ್ಥೆಯ ಸದಸ್ಯರೇ ಆಗಿದ್ದರೂ, ಸ್ಥಾನವಿರಬಾರದು. ಪ್ರತಿ ವರ್ಷದ ಲೆಕ್ಕಪತ್ರವನ್ನು ಪ್ರತಿ ಶಾಲೆಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸಬೇಕು.

ನಾಲ್ಕನೆಯದಾಗಿ, ಸಂಗ್ರಹದ ಕಾಲು ಭಾಗವನ್ನು ಬೇರೆಯಾಗಿಟ್ಟು ಹಿಂದುಳಿದ ಬಡಾವಣೆಗಳ ಶಾಲೆಗಳಿಗೆ ಹೆಚ್ಚುವರಿಯಾಗಿ ಕೊಡಬೇಕು. ಮುಖ್ಯ ಪೇಟೆಯ ತೆರಿಗೆ ಮುಖ್ಯ ಪೇಟೆಯ ಶಾಲೆಗೇ ಎಂದರೆ ಕ್ಯಾಲಿಫೋರ್ನಿಯಾದ ದೋಷವನ್ನೇ ನಾವು ಆಮದು ಮಾಡಿಕೊಂಡಂತಾಗುತ್ತದೆ.

ಐದನೆಯದು ಎಲ್ಲಕ್ಕಿಂತ ಮುಖ್ಯವಾದುದು. ನವೀಕರಣಕ್ಕೆ ಮುನ್ನ ಪರಿಶೋಧಿತ ಲೆಕ್ಕ ಪ್ರಕಟವಾಗಿರಬೇಕು, ವಾರ್ಡುಗಳಲ್ಲಿ ಸಭೆಗಳು ನಡೆದಿರಬೇಕು. ನಮ್ಮಲ್ಲಿ ತೆರಿಗೆಗೆ ಜನಮತಗಣನೆಯ ಪದ್ಧತಿ ಇಲ್ಲದಿರುವುದರಿಂದ ಚುನಾಯಿತ ಸಭೆಯ ಮೂರನೇ ಎರಡರಷ್ಟು ಬಹುಮತ ಕಡ್ಡಾಯವಾಗಲಿ. ಚುನಾವಣೆ ನಡೆಯದೆ ಆಡಳಿತಾಧಿಕಾರಿಯೇ ಆಡಳಿತ ನಡೆಸುವ ಕಾಲ ನಮಗೆ ಅಪರೂಪವೇನಲ್ಲ. ಅಂತಹ ಅವಧಿಯಲ್ಲಿ ನವೀಕರಣ ಆಗಕೂಡದು.

ಆಕ್ಷೇಪಗಳಿಗೆ ಉತ್ತರ

‘ನಮ್ಮ ಮಕ್ಕಳು ಖಾಸಗಿ ಶಾಲೆಗೆ ಹೋಗುತ್ತಾರೆ, ನಾವೇಕೆ ಕೊಡಬೇಕು?’ ಎಂಬುದು ಮೊದಲ ಆಕ್ಷೇಪ. ನಮ್ಮ ಮಕ್ಕಳು ಹೋಗುತ್ತಿರಬಹುದು. ನಮ್ಮ ಅಂಗಡಿಯ ಗುಮಾಸ್ತನ, ನಮ್ಮ ಲೇತ್ ಯಂತ್ರದ ಮುಂದೆ ನಿಂತವನ, ನಮ್ಮ ಗೋದಾಮಿನ ಹಮಾಲನ ಮಕ್ಕಳು ಬಹುಪಾಲು ಸರ್ಕಾರಿ ಶಾಲೆಗೆ ಹೋಗುತ್ತಾರೆ. ನಾಳೆ ನಮ್ಮಲ್ಲಿ ಕೆಲಸಕ್ಕೆ ಬರುವವರೂ ಅವರೇ. ದಶಮಾಂಶ ಬಾರದವನ ಕೈಗೆ ಅಳತೆಯ ಉಪಕರಣ ಕೊಟ್ಟು ಸರಕು ತಿರಸ್ಕೃತವಾದಾಗ ಆಗುವ ನಷ್ಟವನ್ನು ಸಣ್ಣ ಉತ್ಪಾದಕರು ಬಲ್ಲರು. ಆ ನಷ್ಟವೂ ಒಂದು ತೆರಿಗೆಯೇ. ಅದಕ್ಕೆ ರಸೀದಿ ಇರುವುದಿಲ್ಲ, ಅಷ್ಟೇ.

‘ಸಾಮಾಜಿಕ ಹೊಣೆಗಾರಿಕೆಯ ನಿಧಿ ಇದೆಯಲ್ಲ?’ ಎಂಬುದು ಎರಡನೆಯದು. 2013ರ ಕಂಪನಿ ಕಾಯಿದೆಯ ಆ ನಿಯಮವು 500 ಕೋಟಿ ರೂಪಾಯಿಯ ನಿವ್ವಳ ಸಂಪತ್ತು, 1,000 ಕೋಟಿಯ ವಹಿವಾಟು ಅಥವಾ 5 ಕೋಟಿಯ ನಿವ್ವಳ ಲಾಭವನ್ನು ಮುಟ್ಟಿದ ಕಂಪನಿಗಳಿಗೆ ಮಾತ್ರ ಅನ್ವಯಿಸುತ್ತದೆ. ತಾಲ್ಲೂಕು ಕೇಂದ್ರಗಳಲ್ಲಿ ಅಂತಹ ಕಂಪನಿಗಳು ಎಷ್ಟಿವೆ?

‘ಹೊರೆ ಹೆಚ್ಚಾಗುತ್ತದೆ’ ಎಂಬುದು ಮೂರನೆಯದು. ಲೆಕ್ಕ ಹಾಕಿ ನೋಡೋಣ. 20,000 ರೂಪಾಯಿ ತೆರಿಗೆಯ ಮೇಲೆ ಶೇಕಡಾ 5 ಎಂದರೆ 1,000 ರೂಪಾಯಿ. ದಿನಕ್ಕೆ ಮೂರು ರೂಪಾಯಿಗಿಂತ ಕಡಿಮೆ. ವ್ಯವಹಾರದ ಸ್ಥಳಕ್ಕೆ ವಾಸ್ತವವಾಗಿ ಪಾವತಿಸಿದ ಸ್ಥಳೀಯ ತೆರಿಗೆಗಳು ವ್ಯವಹಾರದ ವೆಚ್ಚವಾಗಿ ಕಳೆಯಲ್ಪಡುತ್ತವೆ. ಉಪಕರ ಸೇರಿ ಶೇಕಡಾ 31.2ರ ದರದಲ್ಲಿ ಆದಾಯ ತೆರಿಗೆ ತೆರುವ ಪಾಲುದಾರಿಕೆ ಸಂಸ್ಥೆಗೆ ಈ 1,000 ರೂಪಾಯಿಯ ನಿಜವಾದ ಹೊರೆ 688 ರೂಪಾಯಿ. ಆದರೆ ಆದಾಯ ತೆರಿಗೆಯ ಮೇಲಿನ ಶಿಕ್ಷಣ ಉಪಕರವನ್ನು ವೆಚ್ಚವೆಂದು ಪರಿಗಣಿಸಲಾಗದೆಂದು 2022ರಲ್ಲಿ ಪೂರ್ವಾನ್ವಯವಾಗಿ ತಿದ್ದುಪಡಿ ತಂದುದನ್ನು ಸದಸ್ಯರು ಮರೆತಿರಲಾರರು.

ಇನ್ನು ಪ್ರಯೋಜನದ ಕಡೆ. ವರ್ಷಕ್ಕೆ 10 ಕೋಟಿ ರೂಪಾಯಿ ಆಸ್ತಿ ತೆರಿಗೆ ವಸೂಲಾಗುವ ಊರೊಂದನ್ನು ಕಲ್ಪಿಸಿಕೊಳ್ಳಿರಿ. ಶೇಕಡಾ 5 ಎಂದರೆ 50 ಲಕ್ಷ. ಆ ಊರಿನಲ್ಲಿ 25 ಸರ್ಕಾರಿ ಶಾಲೆಗಳಿದ್ದರೆ ಸರಾಸರಿ ಶಾಲೆಯೊಂದಕ್ಕೆ ವರ್ಷಕ್ಕೆ 2 ಲಕ್ಷ, ಐದು ವರ್ಷಕ್ಕೆ 10 ಲಕ್ಷ. ಇದರಿಂದ ಹೊಸ ಕಟ್ಟಡ ಏಳದಿರಬಹುದು. ಇರುವ ಕಟ್ಟಡ ಸೋರದಂತೆ, ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು ಬರುವಂತೆ ಮಾಡಲು ಸಾಕು.

ಕೊನೆಯ ಆಕ್ಷೇಪವೇ ಎಲ್ಲಕ್ಕಿಂತ ಗಟ್ಟಿಯಾದುದು: ‘ಒಮ್ಮೆ ಆರಂಭವಾದ ಕರ ನಿಲ್ಲುವುದುಂಟೆ?’ ನಿಲ್ಲುವುದಿಲ್ಲವೆಂಬುದೇ ನಮ್ಮ ಅನುಭವ. ಆದುದರಿಂದಲೇ ಅವಧಿಯ ಷರತ್ತನ್ನು ನಾನು ಪ್ರಮಾಣಕ್ಕಿಂತ ಮೇಲಾಗಿ ಇಟ್ಟಿದ್ದೇನೆ. ಆ ಷರತ್ತನ್ನು ಸರ್ಕಾರ ಒಪ್ಪದಿದ್ದರೆ ಈ ಕರವನ್ನು ನಮ್ಮ ಸಂಸ್ಥೆ ವಿರೋಧಿಸಲಿ; ಆಗ ನಾನೂ ವಿರೋಧಿಸುವವರ ಸಾಲಿನಲ್ಲಿ ನಿಲ್ಲುತ್ತೇನೆ. ಒಪ್ಪಿದರೆ, ಐದು ವರ್ಷಗಳ ನಂತರ ಲೆಕ್ಕದ ಪುಸ್ತಕ ಹಿಡಿದು ನಮ್ಮ ಬಳಿಗೆ ಬಂದವರಿಗೆ ‘ಹೌದು’ ಅಥವಾ ‘ಇಲ್ಲ’ ಎನ್ನುವ ಅಧಿಕಾರ ನಮ್ಮ ಕೈಯಲ್ಲಿರುತ್ತದೆ. ಸಾಲ ಕೊಟ್ಟ ಬ್ಯಾಂಕು ವರ್ಷ ವರ್ಷವೂ ನಮ್ಮ ಲೆಕ್ಕಪತ್ರ ನೋಡಿಯೇ ಸಾಲದ ಮಿತಿಯನ್ನು ನವೀಕರಿಸುತ್ತದೆ. ಅದನ್ನು ನಾವು ಅವಮಾನವೆಂದು ಭಾವಿಸುವುದಿಲ್ಲ, ವ್ಯವಹಾರದ ನಿಯಮವೆಂದು ಒಪ್ಪುತ್ತೇವೆ. ತೆರಿಗೆದಾರನೂ ಅದೇ ನಿಯಮವನ್ನು ಕೇಳುತ್ತಿದ್ದಾನೆ.

ಮುಂದಿನ ಆಯವ್ಯಯಪೂರ್ವ ಸಮಾಲೋಚನೆಗೆ ನಮ್ಮ ಸಂಸ್ಥೆಯು ಸಲ್ಲಿಸುವ ಮನವಿಯಲ್ಲಿ ರಿಯಾಯಿತಿಗಳ ಪಟ್ಟಿಯ ಜೊತೆಗೆ ಈ ಒಂದು ಅಂಶವೂ ಸೇರಲಿ ಎಂಬುದು ನನ್ನ ವಿನಂತಿ. ಅದಕ್ಕೆ ಮುನ್ನ ಪ್ರತಿಯೊಬ್ಬ ಸದಸ್ಯರೂ ತಮ್ಮ ಅಂಗಡಿ ಅಥವಾ ಕಾರ್ಖಾನೆಗೆ ಅತಿ ಸಮೀಪದ ಸರ್ಕಾರಿ ಶಾಲೆಗೆ ಒಂದು ದಿನ ಭೇಟಿ ನೀಡಿ, ಅಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ತರಲಿ. ನಮ್ಮ ಚರ್ಚೆ ಆ ಹಾಳೆಗಳಿಂದ ಆರಂಭವಾಗಲಿ.